ಟೆಲಿಫೋನ್ ಪೆಟ್ಟಿಗೆಯ ಹೆಂಗಸು

ಬಾಣಲೆಯ ಮುಚ್ಚಳ ಎಲ್ಲಿ ಹೋಯಿತೆಂದು ಪದ್ಮಜಾ ಮಗಳ ಮನೆಯ ಅಡುಗೆಕೋಣೆಯ ಕಪಾಟುಗಳನ್ನೆಲ್ಲ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಕೊನೆಗೆ ತಾನು ಹುಡುಕುತ್ತಿದ್ದದ್ದು ಮುಚ್ಚಳವನ್ನೋ ಬೇರೆ ಏನನ್ನೋ ಎಂಬುದೇ ಮರೆತು ಸಿಂಕಿನ ಮುಂದೆ ನಿಂತುಬಿಟ್ಟಳು. ಕಿಟಕಿಯಾಚೆ ಪ್ಲೇನ್‌ಫೀಲ್ಡಿನ ಆ ಬಡಾವಣೆಯ ಮನೆಗಳು ಒಂದರ ಹಾಗೆ ಒಂದು ಕೂತಿದ್ದವು. ಮಾರ್ಚ್ ಬಂದರೂ ಕರಗಲು ಮನಸ್ಸಿಲ್ಲದ ಹಿಮ ಡ್ರೈವ್‌ವೇಗಳ ಅಂಚಿನಲ್ಲಿ ಕಪ್ಪಗೆ ಕೊಳಕಾಗಿ ಬಿದ್ದಿತ್ತು. ಊಟದ ಮನೆಯಿಂದ ಗಂಡ ಶೇಷಾದ್ರಿಯವರ ದನಿ ಕೇಳುತ್ತಿತ್ತು. ಕಿವಿ ಮಂದವಾದ ಮೇಲೆ ಅವರು ಫೋನಿನಲ್ಲಿ ಮಾತಾಡುವುದೆಂದರೆ ಊರಿಗೆಲ್ಲ ಡಂಗುರ ಸಾರಿದ ಹಾಗೆ. "ಏನ್ರೀ ಶೇಷಗಿರಿ, ಇವತ್ತು ನಮ್ಮನೇಲಿ ಪ್ರೀಮಿಯರ್ ಶೋ! ಹೂಂ ರೀ, ಅದೇ, ಪದ್ಮ ಇಂಗ್ಲೆಂಡಲ್ಲಿ ಆ್ಯಕ್ಟ್ ಮಾಡಿದ್ಲಲ್ಲ, ಆ ನಾಟಕ ಸಿಕ್ಕಿದೆ. ಐವತ್ತು ವರ್ಷ ಆದ್ಮೇಲೆ!" ಆಬರ್ನ್ ಹಿಲ್ಸ್‌ನಲ್ಲಿ ಕೂತ ಹಳೆಯ ಸ್ನೇಹಿತ ಶೇಷಗಿರಿಗೆ ಈ ಕಥೆ ಹೊಸದೇನಲ್ಲ. ಶೇಷಾದ್ರಿ ಮಿಶಿಗನ್ನಿನಲ್ಲಿ ಡಾಕ್ಟರಿಕೆ ಮಾಡಿದಷ್ಟು ಕಾಲವೂ ಅಲ್ಲಿನ ಕನ್ನಡದವರ ಪೈಕಿ ಇದನ್ನು ಕೇಳದೆ ಅವರ ಮನೆಯಲ್ಲಿ ಕಾಫಿ ಕುಡಿದು ಎದ್ದವರು ಯಾರೂ ಇರಲಿಲ್ಲ. ನನ್ನ ಹೆಂಡತಿ ಬ್ರಿಟಿಷ್ ಟೀವಿಯಲ್ಲಿ ಬಂದವಳು ಎನ್ನುವಾಗ ಅವರ ಮುಖ ಅರಳುವುದನ್ನು ನೋಡಿ ಪದ್ಮಜಾ ಪ್ರತಿ ಸಲವೂ ತಟ್ಟೆ ತೆಗೆಯುವ ನೆಪದಲ್ಲಿ ಒಳಗೆ ಹೋಗುತ್ತಿದ್ದಳು. ನಾಚಿಕೆ ಎಂದುಕೊಳ್ಳುತ್ತಿದ್ದರು ಜನ. ನಾಚಿಕೆಯೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು.

ಸಿಕ್ಕಿದ್ದು ಹೇಗೆ ಎಂಬುದನ್ನು ಮಗಳು ಇಂಚರ ಮೊನ್ನೆ ಊಟದ ಹೊತ್ತಿಗೆ ಹೇಳಿದ್ದಳು. ಆ ಕಾಲದ ಯಾರೋ ತಂತ್ರಜ್ಞ ಒಂದು ಫಿಲ್ಮ್ ಕಾಪಿಯನ್ನು ಮನೆಗೆ ಒಯ್ದು ಗ್ಯಾರೇಜಿನಲ್ಲಿ ಇಟ್ಟುಕೊಂಡಿದ್ದನಂತೆ. ಅವನು ಸತ್ತ ಮೇಲೆ ಮಕ್ಕಳು ಹಳೆಯ ಟೀವಿ ನಾಟಕಗಳನ್ನು ಕಾಪಾಡುವ ಸಂಸ್ಥೆಗೆ ಕೊಟ್ಟರಂತೆ. ಅಪ್ಪನಿಗೆ ಒಂದು ಸಂತೋಷವಾಗಲಿ ಎಂದು ಇಂಚರ ಯಾವತ್ತೋ ಆ ಸಂಸ್ಥೆಗೆ ಬರೆದು ಬಿಟ್ಟಿದ್ದಳು. ಈಗ ಲಿಂಕ್ ಬಂದಿತ್ತು. "ಅಮ್ಮ, ಕ್ರೆಡಿಟ್ಸಲ್ಲಿ ನಿನ್ ಹೆಸರಿಲ್ಲ. 'ಟೆಲಿಫೋನ್ ಪೆಟ್ಟಿಗೆಯಲ್ಲಿರುವ ಹೆಂಗಸು' ಅಂತ ಮಾತ್ರ ಇದೆ," ಎಂದು ಹೇಳಿ ಇಂಚರ ತಟ್ಟೆ ನೋಡಿಕೊಂಡು ಊಟ ಮುಂದುವರಿಸಿದ್ದಳು. ಪದ್ಮಜಾಳ ಕೈಯಲ್ಲಿದ್ದ ಸೌಟು ಸಾರಿನ ಪಾತ್ರೆಯೊಳಕ್ಕೆ ಪೂರ್ತಿ ಮುಳುಗಿತ್ತು. ಹೆಸರಿಲ್ಲದಿರುವುದು ಅವಳಿಗೆ ಮೊದಲಿಂದಲೂ ಗೊತ್ತಿತ್ತು. ನಾಟಕವೇ ಅಳಿಸಿ ಹೋಗಿದೆ ಎಂದೂ ನಂಬಿದ್ದಳು. ಡೆಟ್ರಾಯಿಟಿಗೆ ಬಂದ ಹೊಸದರಲ್ಲಿ ಎಲ್ಲೋ ಓದಿದ್ದಳು: ಇಂಗ್ಲೆಂಡಿನ ಟೀವಿಯವರು ಟೇಪು ದುಬಾರಿಯೆಂದು ಹಳೆಯ ನಾಟಕಗಳ ಮೇಲೇ ಹೊಸತನ್ನು ತುಂಬಿಸುತ್ತಿದ್ದರು, ಶಾಲೆಯ ಮಕ್ಕಳು ಸ್ಲೇಟು ಒರೆಸಿದ ಹಾಗೆ. ಲೋಕದ ಕಲಾಪ್ರೇಮಿಗಳು ಅದಕ್ಕೆ ಎದೆ ಬಡಿದುಕೊಂಡರೆ ಇವಳೊಬ್ಬಳು ಅಂದು ಪಾಯಸ ಮಾಡಿದ್ದಳು. ಏನು ವಿಶೇಷ ಎಂದು ಶೇಷಾದ್ರಿ ಕೇಳಿದ್ದಕ್ಕೆ, ಶಾವಿಗೆ ಹಳತಾಗುತ್ತಿತ್ತು ಅಂದಿದ್ದಳು.

ಆ ನಾಟಕಗಳು ಅವಳಿಗೆ ಇಷ್ಟವಾಗಿದ್ದವು ಎಂಬುದೂ ನಿಜ. ಇಂಗ್ಲೆಂಡಿನಲ್ಲಿ ಶೇಷಾದ್ರಿ ಕೆಲಸಕ್ಕಿದ್ದ ಆಸ್ಪತ್ರೆಯ ಹತ್ತಿರದ ಬಾಡಿಗೆ ಮನೆಯಲ್ಲಿ ವಾರಕ್ಕೊಂದು ರಾತ್ರಿ ಮನೆಯೊಡತಿ ಮುದುಕಿ ಮುಂದಿನ ಕೋಣೆಗೆ ಕರೆಯುತ್ತಿದ್ದಳು. ಒಂದು ವಾರ ಗಣಿ ಕೆಲಸದವನ ಮನೆ, ಮುಂದಿನ ವಾರ ಯಾವುದೋ ಪಾದ್ರಿಯ ಮನೆ, ಅದರ ಮುಂದಿನ ವಾರ ಇನ್ಯಾರೋ. ಈ ವಾರ ಅತ್ತವರು ಮುಂದಿನ ವಾರ ಇರುತ್ತಿರಲಿಲ್ಲ. ಮಾಡಿದ ತಪ್ಪಿಗೆ ಬಡ್ಡಿ ಬೆಳೆಯುತ್ತಿರಲಿಲ್ಲ. ಈಗಿನ ಕನ್ನಡ ಧಾರಾವಾಹಿಗಳಲ್ಲಿ ಒಬ್ಬ ಅತ್ತೆ ಒಂದು ಸುಳ್ಳು ಹೇಳಿದರೆ ಸಾವಿರ ಎಪಿಸೋಡು ಅದರ ಬೆನ್ನು ಹತ್ತಿಕೊಂಡು ಹೋಗುತ್ತವೆ. ಅಲ್ಲಿ ಹಾಗಲ್ಲ, ಆಡಿದ್ದು ಆಡಿದ ರಾತ್ರಿಗೇ ಮುಗಿಯಿತು. ತನ್ನ ಬಾಳೂ ಹಾಗೇ ಎಂದು ಅವಳು ಅಂದುಕೊಂಡಿದ್ದಳು: ಮೈಸೂರಿನದು ಒಂದು ನಾಟಕ, ಇಂಗ್ಲೆಂಡಿನದು ಒಂದು, ಮಿಶಿಗನ್ನಿನದು ಒಂದು, ಈಗ ಮಗಳ ಮನೆಯಲ್ಲಿ ಇದೊಂದು. ಒಂದರ ಜನ ಇನ್ನೊಂದಕ್ಕೆ ಬರಬಾರದು.

ಆದರೆ ಚಳಿ ಬಂದಿತ್ತು, ಅದೇ ಚಳಿ. ಸಿಂಕಿನ ನಲ್ಲಿಯ ಕೆಳಗೆ ಕೈ ಹಿಡಿದಾಗ ಬೀದಿಬದಿಯ ಆ ಕೆಂಪು ಟೆಲಿಫೋನ್ ಪೆಟ್ಟಿಗೆಯ ಕಬ್ಬಿಣದ ಚೌಕಟ್ಟು ಮುಟ್ಟಿದ ಹಾಗಾಯಿತು. ಆಸ್ಪತ್ರೆಯ ಮುಂದಿನ ಬೀದಿಯಲ್ಲಿ ಚಿತ್ರೀಕರಣ ಮಾಡುತ್ತಿದ್ದವರಿಗೆ ಸೀರೆಯುಟ್ಟ ಹೆಂಗಸೊಬ್ಬಳು ಬೇಕಾಗಿತ್ತು; ಒಬ್ಬ ನರ್ಸು ಇವಳನ್ನು ತೋರಿಸಿದ್ದಳು. ನಾಟಕ ಒಬ್ಬ ಮುದುಕನದು. ಅವನು ಮನೆ ಬಿಟ್ಟು ಹೋದ ಮಗನಿಗೆ ಫೋನ್ ಮಾಡಬೇಕು, ಪೆಟ್ಟಿಗೆಯೊಳಗೆ ಯಾವಳೋ ಪರದೇಶದವಳು ಬಿಡದೆ ಮಾತಾಡುತ್ತಿದ್ದಾಳೆ, ಅವನು ಹೊರಗೆ ಮಳೆಯಲ್ಲಿ ಕಾಯಬೇಕು. ಅಷ್ಟೇ ಇವಳ ಪಾತ್ರ, ದಾರಿಗಡ್ಡ ನಿಂತ ಎಮ್ಮೆಯ ಪಾತ್ರ. ಊರಿಗೆ ಫೋನ್ ಮಾಡಿ ನಿಮ್ಮ ತಾಯಿಯ ಹತ್ತಿರ ಮಾತಾಡುತ್ತಿದ್ದೀರಿ ಎಂದ ನಿರ್ದೇಶಕ. ಬೀದಿಬದಿಯ ಪೆಟ್ಟಿಗೆಯಿಂದ ಮೈಸೂರಿಗೆ ಟ್ರಂಕ್ ಕಾಲ್! ಅಷ್ಟೂ ತಿಳಿಯದ ಮನುಷ್ಯ. ಮೊದಲ ಸಲ ಅವಳು "ಅಮ್ಮಾ, ಎಲ್ಲರೂ ಕ್ಷೇಮವೇ, ನಾವು ಇಲ್ಲಿ ಕ್ಷೇಮ" ಎಂದು ಒಪ್ಪಿಸಿದಳು. ಅವನಿಗೆ ಭಾಷೆ ಬಾರದಿದ್ದರೂ ಸುಳ್ಳು ತಿಳಿಯಿತು. ಹೀಗೆ ಪಾಠ ಓದಬೇಡಿ, ನಿಜವಾದದ್ದು ಏನಾದರೂ ಹೇಳಿ, ಇಲ್ಲಿ ಯಾರಿಗೂ ಅರ್ಥವಾಗುವುದಿಲ್ಲ ಎಂದ. ಯಾರಿಗೂ ಅರ್ಥವಾಗುವುದಿಲ್ಲ. ಆ ದೇಶಕ್ಕೆ ಬಂದ ಮೇಲೆ ಯಾರಾದರೂ ಅವಳಿಗೆ ಕೊಟ್ಟ ಮೊದಲ ಉಡುಗೊರೆ ಅದು. ರಿಸೀವರು ಕಿವಿಯಲ್ಲಿ ಗುಂಯ್ಗುಡುತ್ತಿತ್ತು. ಅವಳು ಆ ಸದ್ದಿಗೇ ಹೇಳಿದಳು: ಅಮ್ಮಾ, ನಂಗೆ ಈ ಮಗು ಬೇಡಮ್ಮ. ಯಾರಿಗೂ ಹೇಳಿಲ್ಲ, ಇವರಿಗೂ ಹೇಳಿಲ್ಲ. ಇಲ್ಲಿ ಪರಂಗಿಹಣ್ಣು ಸಿಗಲ್ಲ. ದಿನಾ ಮೆಟ್ಟಲು ಮೇಲಿಂದ ಧುಮುಕ್ತಿದೀನಿ, ಹೋಗ್ತಾನೇ ಇಲ್ಲ. ಹೋಗ್ಬಿಟ್ರೆ ಸಾಕಮ್ಮ.

ಡಾಕ್ಟರ ಹೆಂಡತಿ! ಗಂಡ ಕೆಲಸ ಮಾಡುವ ಆಸ್ಪತ್ರೆಯಲ್ಲೇ ಬೇಡವಾದದ್ದಕ್ಕೆ ಕಾನೂನಿನ ದಾರಿಯಿತ್ತು, ಬಾಯಿಬಿಟ್ಟು ಕೇಳಿದ್ದರೆ ಆಗುತ್ತಿತ್ತು. ಅವಳು ಮಾತ್ರ ಬಿ.ಎಸ್‌ಸಿ. ಓದಿದ ತಲೆಯಲ್ಲಿ ಅಜ್ಜಿಯ ಮಾತು ಹೊತ್ತುಕೊಂಡು, ಆಲೂಗಡ್ಡೆ ಎಲೆಕೋಸು ಬಿಟ್ಟು ಬೇರೇನೂ ಕಾಣದ ಸಂತೆಯಲ್ಲಿ ಪರಂಗಿಹಣ್ಣು ಹುಡುಕುತ್ತಿದ್ದಳು. ಯಾಕೆ ಬೇಡವಾಗಿತ್ತು ಎಂದು ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಗಂಡ ಕೆಟ್ಟವರಲ್ಲ, ಅನ್ನಕ್ಕೆ ಕೊರತೆಯಿಲ್ಲ. ಕತ್ತಲೆ ಬೇಗ ಆಗುತ್ತಿತ್ತು, ಅಷ್ಟೇ. ಅದಾಗಿ ಎಷ್ಟೋ ತಿಂಗಳಿಗೆ, ಮಗು ಹುಟ್ಟಿದ ಮೇಲೆ, ನಾಟಕ ಟೀವಿಯಲ್ಲಿ ಬಂದ ರಾತ್ರಿ ಶೇಷಾದ್ರಿಗೆ ಡ್ಯೂಟಿ. ಆಗ ತಪ್ಪಿದ್ದು ತಪ್ಪಿದ್ದೇ, ಮತ್ತೆ ನೋಡುವ ದಾರಿ ಇರಲಿಲ್ಲ. ಮನೆಯೊಡತಿಯ ಪಕ್ಕ ಕೂತು, ಎದೆಗೆ ಕಚ್ಚಿಕೊಂಡಿದ್ದ ಕೂಸಿನ ತಲೆಯ ಮೇಲಿಂದ ಪದ್ಮಜಾ ತನ್ನನ್ನೇ ನೋಡಿದಳು. ಬೇಡಮ್ಮ ಎಂದು ಟೀವಿಯಲ್ಲಿ ಹೇಳಿದಾಗ ಕೂಸು ಹಾಲು ಬಿಟ್ಟು ದನಿ ಬಂದ ಕಡೆಗೆ ತಿರುಗಿತು. ತಿರುಗಲೇಬೇಕಲ್ಲ, ಅಮ್ಮನ ದನಿ. ಆಮೇಲೆ ಮಿಶಿಗನ್ನಿನಲ್ಲಿ ಇಂಚರಳಿಗೆ ಉಬ್ಬಸ ಹಿಡಿದು, ಅವಳು ದಿಂಬಿಗೊರಗಿ ಸುಂಯ್ ಸುಂಯ್ ಎಂದು ಉಸಿರೆಳೆದ ಒಂದೊಂದು ಚಳಿಗಾಲವೂ ಪದ್ಮಜಾ ಆ ಮೆಟ್ಟಿಲುಗಳಿಗೆ ಲೆಕ್ಕ ಒಪ್ಪಿಸಿದ್ದಳು. ಇದನ್ನೆಲ್ಲ ಶೇಷಾದ್ರಿಗೆ ಹೇಳಿದ್ದರೆ ಧೂಳು, ಅಲರ್ಜಿ ಎಂದು ಏನೋ ವಿವರಿಸುತ್ತಿದ್ದರು. ಪಾಪಕ್ಕೆ ಅಲರ್ಜಿ ಟೆಸ್ಟು ಎಲ್ಲಿದೆ?

ಎಲ್ಲಕ್ಕಿಂತ ದೊಡ್ಡ ಚೇಷ್ಟೆ ಇದು: ಇಂಚರಳಿಗೆ ಕನ್ನಡ ಕಲಿಸಿದ್ದು ಯಾರು? ಉಳಿದವರ ಮಕ್ಕಳೆಲ್ಲ ಅಮ್ಮನಿಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತ ಬೆಳೆದರು. ಪದ್ಮಜಾ ಮಾತ್ರ ಪ್ರತಿ ಶನಿವಾರ ಮಗಳನ್ನು ಕೂರಿಸಿಕೊಂಡು ಕಾಗುಣಿತ ತಿದ್ದಿಸಿದಳು, ಗಾದೆ ಕಲಿಸಿದಳು, ಮಾತಿನಲ್ಲಿ ತಪ್ಪಿದರೆ ಮತ್ತೆ ಹೇಳಿಸಿದಳು. ಈಗ ಈ ಮನೆಯಲ್ಲಿ ಆ ಒಂದು ನಿಮಿಷದ ಮಾತು ಕೇಳಿದರೆ ತಿಳಿಯುವವಳು ಇಂಚರ ಒಬ್ಬಳೇ. ಅಳಿಯ ಮಾರ್ಕ್‌ಗೆ 'ಊಟ ಆಯ್ತಾ' ಬಿಟ್ಟರೆ ಕನ್ನಡವಿಲ್ಲ. ಮೊಮ್ಮಗಳು ಜಾನ್ವಿಗೆ ಬರುವುದು ದೋಸೆ, ಚಟ್ನಿ. ಶೇಷಾದ್ರಿಗೆ ಕಿವಿಯಲ್ಲಿ ಮಿಷನ್ ಇಟ್ಟರೂ ಟೀವಿ ಕೇಳಿಸದು. ಕನ್ನಡ ಸಿನಿಮಾವನ್ನೂ ಕೆಳಗಿನ ಇಂಗ್ಲಿಷ್ ಅಕ್ಷರ ಓದಿ, ಅದೂ ಗಟ್ಟಿಯಾಗಿ ಓದಿ, ನೋಡುವವರು. ತಾನು ತೋಡಿದ ಗುಂಡಿಗೆ ತಾನೇ ಬೀಳುವುದು ಎಂಬ ಗಾದೆಯನ್ನೂ ಅವಳೇ ಮಗಳಿಗೆ ಕಲಿಸಿದ್ದಳು. ಮಗಳು, ಅಮ್ಮ ತನ್ನನ್ನು ಬೇಡವೆಂದಿದ್ದಳು ಎಂಬುದನ್ನು, ಅಮ್ಮನ ಬಾಯಿಂದಲೇ, ಸೋಫಾದ ಮೇಲೆ ಪಾಪ್‌ಕಾರ್ನ್ ತಿನ್ನುತ್ತ ಕೇಳುತ್ತಾಳೆ.

ಆಮೇಲೆ ಅವಳು ಮಾಡಿದ ಕೆಲಸವನ್ನು ಡಿಗ್ರಿ ಓದಿದ ಹೆಂಗಸು ಮಾಡುವಂಥದ್ದೆಂದು ಹೇಳಲಾಗದು. ಬೇಸ್‌ಮೆಂಟಿಗೆ ಇಳಿದಳು. ದೊಡ್ಡ ಟೀವಿಯ ಹಿಂದೆ ಇಂಟರ್ನೆಟ್ಟಿನ ಪೆಟ್ಟಿಗೆ ಹಸಿರು ದೀಪ ಮಿಟುಕಿಸುತ್ತಿತ್ತು. ಮಂಡಿ ನೋವನ್ನು ಲೆಕ್ಕಿಸದೆ ಬಗ್ಗಿ, ಕೈಗೆ ಸಿಕ್ಕಿದ ವೈರನ್ನು ಕಿತ್ತು, ಅದು ಸಾಲದೆಂದು ಇನ್ನೊಂದನ್ನೂ ಕಿತ್ತು, ಎದ್ದೇಳಲಾಗದೆ ಗೋಡೆ ಹಿಡಿದು ಕೂತಳು. ಮೇಲಿನಿಂದ ಯಾರೋ ದಡದಡ ಇಳಿದು ಬಂದರು. ಜಾನ್ವಿ. ಕಾಲೇಜಿಗೆ ರಜೆಯೆಂದು ಮನೆಯಲ್ಲಿದ್ದಳು, ಅವಳ ಫೋನಿನಲ್ಲಿ ಏನೋ ನಿಂತುಹೋಗಿತ್ತು. "ಅಜ್ಜಿ? ಆರ್ ಯೂ ಓಕೆ? ಡಿಡ್ ಯೂ ಅನ್‌ಪ್ಲಗ್ ದಿಸ್?" ಪದ್ಮಜಾ, "ಧೂಳು ಒರೆಸ್ತಿದ್ದೆ ಪುಟ್ಟಿ," ಎಂದಳು. ಕೈಯಲ್ಲಿ ಬಟ್ಟೆ ಇರಲಿಲ್ಲ. ಹುಡುಗಿ ಅದನ್ನು ಗಮನಿಸಿದಳು. ಅಜ್ಜಿಯನ್ನು ಕಂಕುಳಿಗೆ ಕೈ ಹಾಕಿ ಎತ್ತಿ ಕೂರಿಸಿ ವೈರುಗಳನ್ನು ಮತ್ತೆ ಸಿಕ್ಕಿಸಿದಳು, ತುಂಬ ಮೆಲ್ಲಗೆ, ಸಣ್ಣ ಮಕ್ಕಳ ಚೇಷ್ಟೆಯನ್ನು ಸರಿಮಾಡುವವರ ಹಾಗೆ. ಆ ಮೆಲ್ಲಗಿನ ನಡತೆಯೇ ಪದ್ಮಜಾಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಮರೆವಿನ ಕಾಯಿಲೆ ಶುರುವಾಗಿದೆ ಎಂದುಕೊಂಡಳೇನೋ ಹುಡುಗಿ. ಅಂದುಕೊಳ್ಳಲಿ. ಮರೆವು ಎಷ್ಟೋ ಮರ್ಯಾದಸ್ಥ ಕಾಯಿಲೆ.

ಊಟದ ಹೊತ್ತಿಗೆ ಇಂಚರ ಬಂದಳು. ತಲೆಗೂದಲು ಕಿವಿಯ ಹತ್ತಿರ ನರೆತಿತ್ತು. ತನಗೆ ಹುಟ್ಟಿದವಳ ತಲೆ ನರೆತದ್ದನ್ನು ನೋಡುವುದು ಪದ್ಮಜಾಳಿಗೆ ಇನ್ನೂ ಅಭ್ಯಾಸವಾಗಿರಲಿಲ್ಲ. ಕೆಲವು ವಾರಗಳಿಂದ ಇಂಚರ ಮಾತು ಕಡಿಮೆ ಮಾಡಿದ್ದಳು. ಆಫೀಸಿನಲ್ಲಿ ಏನೋ ತಲೆನೋವು ಇರಬೇಕೆಂದು ಪದ್ಮಜಾ ಬಿಟ್ಟಿದ್ದಳು. "ಅಮ್ಮ, ಮಾನಸ ಆಂಟಿಯವರು ಬರಲ್ಲ. ಶಾಮ್‌ಬರ್ಗಿಂದ ಯಾಕೆ ಸುಮ್ನೆ ಡ್ರೈವ್ ಮಾಡ್ತೀರಾ, ಇನ್ನೊಂದಿನ ತೋರಿಸ್ತೀವಿ ಅಂದೆ," ಎಂದಳು ಅವರೇಕಾಳಿನ ಉಪ್ಪಿಟ್ಟು ಬಡಿಸಿಕೊಳ್ಳುತ್ತ. ನಾಟಕಕ್ಕೆಂದು ಶೇಷಾದ್ರಿ ಕರೆದಿದ್ದ ಕನ್ನಡದವರು ಅವರು; ಪದ್ಮಜಾಳಿಗೆ ಎದೆಯ ಮೇಲಿನ ಒಂದು ಕಲ್ಲು ಇಳಿದು ಇನ್ನೊಂದು ಉಳಿಯಿತು. ಈಗ ಹೇಳಿಬಿಡಬೇಕು. ಮಾರ್ಕ್ ಫ್ರಿಜ್ಜಿನಲ್ಲಿ ಮೊಸರು ಹುಡುಕುತ್ತಿದ್ದ, ಶೇಷಾದ್ರಿ ಮಿಷನ್ ತೆಗೆದಿಟ್ಟು ಊಟ ಮಾಡುತ್ತಿದ್ದರು. ಕನ್ನಡದಲ್ಲಿ ಹೇಳಿದರೆ ಇಬ್ಬರ ನಡುವೆಯೇ ಇರುತ್ತದೆ.

"ಇಂಚು, ಒಂದ್ ಮಾತು ಹೇಳ್ಬೇಕಿತ್ತು."

"ಹೇಳಮ್ಮ." ಇಂಚರ ಚಮಚ ಕೆಳಗಿಟ್ಟು ಕಾದಳು. ತೀರ ಶ್ರದ್ಧೆಯಿಂದ ಕಾದಳು.

"ನಾಟಕ... ಅದು ತುಂಬ ಬೋರು ಕಣೆ. ಬರೀ ಮುದುಕ ಅಳೋದು. ಇವತ್ತೇ ನೋಡ್ಬೇಕಾ?"

ಇಂಚರ ಅಮ್ಮನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ಅಪ್ಪ ಎಷ್ಟು ವರ್ಷದಿಂದ ಕಾಯ್ತಿದಾರೆ," ಎಂದಳು. "ನೋಡಿಬಿಡೋಣ." ಚಮಚ ಎತ್ತಿಕೊಂಡಳು. ಹೇಡಿ, ಎಂದು ಪದ್ಮಜಾ ತನಗೇ ಹೇಳಿಕೊಂಡಳು; ಮುಚ್ಚಳ ಸಿಗದ ಬಾಣಲೆಯ ಮೇಲೆ ತಟ್ಟೆ ಬೋರಲು ಹಾಕಿ, ಎಲ್ಲರ ಹಿಂದೆ ಕೆಳಗಿಳಿದಳು.

ಪರದೆಯ ಮೇಲೆ ಕಪ್ಪು ಬಿಳುಪಿನ ಊರೊಂದು ಮೂಡಿತು. ಫಿಲ್ಮಿನ ಮೇಲೆ ಗೀರುಗಳು. ಹೊಗೆಯ ಚಿಮಣಿ, ಒದ್ದೆ ಬೀದಿ. ಮುದುಕ ಕೋಟಿನ ಗುಂಡಿ ಹಾಕಿಕೊಂಡು ಮನೆಯಿಂದ ಹೊರಟ. ಶೇಷಾದ್ರಿ ಮುಂದಕ್ಕೆ ಬಗ್ಗಿ ಕೆಳಗಿನ ಅಕ್ಷರಗಳನ್ನು ಒಂದೂ ಬಿಡದೆ ಓದುತ್ತಿದ್ದರು. ನಡುನಡುವೆ "ಈ ರೋಡು ನೆನಪಿದ್ಯಾ ಪದ್ಮ? ಅಲ್ಲಿ ಬೇಕರಿ ಇತ್ತು!" ಎಂದು ಕೂಗುತ್ತಿದ್ದರು. ಪದ್ಮಜಾಳಿಗೆ ಬೇಕರಿಯಲ್ಲ, ಆ ಮನೆಯ ಮೆಟ್ಟಿಲುಗಳಿಗೆ ಹಾಸಿದ್ದ ಕಂದು ಜಮಖಾನೆ ನೆನಪಾಯಿತು, ಧುಮುಕಿದರೆ ಸದ್ದಾಗುತ್ತಿರಲಿಲ್ಲ. ಬಾತ್‌ರೂಮಿಗೆ ಹೋಗುತ್ತೇನೆಂದು ಏಳಬಹುದು. ತಲೆ ಸುತ್ತುತ್ತಿದೆ ಎನ್ನಬಹುದು. ಈ ವಯಸ್ಸಿನಲ್ಲಿ ನೆಲಕ್ಕೆ ಬಿದ್ದರೂ ಯಾರೂ ಸಂಶಯಪಡುವುದಿಲ್ಲ, ಆಂಬುಲೆನ್ಸು ಬರುತ್ತದೆ, ನಾಟಕ ನಿಲ್ಲುತ್ತದೆ. ಇಷ್ಟೆಲ್ಲ ಯೋಚಿಸುವಷ್ಟರಲ್ಲಿ ಅವಳು ಬಂದೇಬಿಟ್ಟಳು.

ಗಾಜಿನ ಹಿಂದೆ, ಸೀರೆಯ ಮೇಲೆ ಯಾರದೋ ದೊಡ್ಡ ಕೋಟು ಹಾಕಿಕೊಂಡ ಸಣಕಲು ಹುಡುಗಿ. ಇಷ್ಟು ಚಿಕ್ಕವಳೇ? "ಓ ಮೈ ಗಾಡ್, ಅಜ್ಜಿ, ಯೂ ಲುಕ್ ಲೈಕ್ ಮಿ!" ಎಂದು ಜಾನ್ವಿ ಕಿರುಚಿದಳು. ಮಾರ್ಕ್ ಚಪ್ಪಾಳೆ ಹೊಡೆದ. ಹುಡುಗಿ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿ ತೆರೆದಳು. ಬೇಸ್‌ಮೆಂಟಿನ ಸ್ಪೀಕರುಗಳಿಂದ, ಅಳಿಸಿಹೋಗಿದ್ದ ಮೈಸೂರು ಕನ್ನಡ, ಒಂದು ಅಕ್ಷರವೂ ಮಾಸದೆ ಹೊರಬಂತು. ಅಮ್ಮಾ, ನಂಗೆ ಈ ಮಗು ಬೇಡಮ್ಮ. ಪದ್ಮಜಾ ಪರದೆಯ ಕೆಳಗೆ ನೋಡಿದಳು, ಮೇಲೆ ನೋಡಲಾಗದ್ದಕ್ಕೆ. ಅಲ್ಲಿ ಬಿಳಿಯ ಇಂಗ್ಲಿಷ್ ಅಕ್ಷರಗಳಿದ್ದವು. ಶೇಷಾದ್ರಿ ಅವನ್ನು ಗಟ್ಟಿಯಾಗಿ ಓದಿದರು: "ಮದರ್, ಐ ಆ್ಯಮ್ ಫ್ರೈಟನ್ಡ್. ಐ ಹ್ಯಾವ್ ಟೋಲ್ಡ್ ನೋ ಒನ್. ಇಟ್ ಗೆಟ್ಸ್ ಡಾರ್ಕ್ ಸೋ ಅರ್ಲಿ ಹಿಯರ್. ಕಮ್ ಟು ಮಿ, ಮದರ್." ಮೇಲೆ ಹುಡುಗಿ ಪರಂಗಿಹಣ್ಣು ಎನ್ನುತ್ತಿದ್ದಳು, ಮೆಟ್ಟಲು ಎನ್ನುತ್ತಿದ್ದಳು, ಹೋಗ್ಬಿಟ್ರೆ ಸಾಕಮ್ಮ ಎನ್ನುತ್ತಿದ್ದಳು, ಕೆಳಗೆ 'ಕಮ್ ಟು ಮಿ, ಮದರ್' ಅಲ್ಲಾಡದೆ ನಿಂತಿತ್ತು. ಹೊರಗೆ ಮುದುಕ ಗಾಜನ್ನು ನಾಣ್ಯದಿಂದ ಕುಟ್ಟಿದ. ಹುಡುಗಿ ಕಣ್ಣೊರೆಸಿಕೊಂಡು ಹೊರಬಂದು ಪರದೆಯ ಅಂಚಿನಾಚೆ ಹೋದಳು.

ಶೇಷಾದ್ರಿ ತಿರುಗಿ ಕೂತರು. ಅವರ ಮುಖದಲ್ಲಿ ಹೆಮ್ಮೆ ಇರಲಿಲ್ಲ. "ಪದ್ಮ, ಅಷ್ಟೊಂದು ಭಯ ಆಗ್ತಿತ್ತಾ ನಿಂಗೆ?" ಎಂದರು. ಎಂದಿನಂತೆ ಗಟ್ಟಿಯಾಗಿಯೇ ಕೇಳಿದರು. "ನಂಗೆ ಹೇಳೇ ಇಲ್ವಲ್ಲೇ." ಅವಳು ಹೌದೆಂದು ತಲೆಯಾಡಿಸಿದಳು. ಅವರು ಅವಳ ಕೈ ಹಿಡಿದುಕೊಂಡರು. ಐವತ್ತು ವರ್ಷ ತಡವಾಗಿ, ತಪ್ಪು ಮಾತು ಓದಿ, ಸರಿಯಾದ ಪ್ರಶ್ನೆ ಕೇಳಿದ್ದರು. ಅತ್ತ ಮಾರ್ಕ್ ಹೆಂಡತಿಯ ಬೆನ್ನು ತಟ್ಟಿ, "ಇಂಚರ ಡಿಡ್ ದಟ್ ಸಬ್‌ಟೈಟಲ್, ಯೂ ನೋ. ದಿ ಆರ್ಕೈವ್ ಈಮೇಲ್ಡ್ ಹರ್ ದಟ್ ಬಿಟ್ ಲಾಸ್ಟ್ ಮಂತ್," ಎಂದ.

ಮಗಳಿಗೆ ಗೊತ್ತು. ಹೋದ ತಿಂಗಳಿಂದ ಗೊತ್ತು. ಗೊತ್ತಿದ್ದೂ ದಿನಾ ಬೆಳಿಗ್ಗೆ ಕಾಫಿ ಬೆರೆಸಿ ಕೊಟ್ಟಿದ್ದಾಳೆ, ಮಾತ್ರೆ ಎತ್ತಿಟ್ಟಿದ್ದಾಳೆ. ಪದ್ಮಜಾಳಿಗೆ ಮೊದಲು ಬಂದದ್ದು ಸಮಾಧಾನವಲ್ಲ, ಸಿಟ್ಟು. ನನ್ನ ಮಾತನ್ನು ತಿದ್ದಲು ನೀನು ಯಾರು? ಕೇಳದೆ ಸಿಕ್ಕ ಕ್ಷಮೆ ತೀರಿಸಲಾಗದ ಋಣ. ಅದನ್ನು ಹೊತ್ತು ಇನ್ನು ಹೇಗೆ ಬದುಕುವುದು? ಪರದೆಯ ಮೇಲೆ ಮುದುಕ ಮಗನ ನಂಬರು ತಿರುಗಿಸುತ್ತಿದ್ದ. ಆ ಕಡೆ ನೋಡುತ್ತಲೇ ಅವಳು ಮಾತಾಡಿದಳು.

"ಇಂಚು, ನಾನು ಹಾಗೆ ಹೇಳಿರ್ಲಿಲ್ಲ ಕಣೆ."

"ಗೊತ್ತು."

"ಮತ್ಯಾಕೆ ಹಾಗೆ ಬರ್ದೆ?"

ಇಂಚರ ಕೂಡ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಮೊದ್ಲು ಇದ್ದಿದ್ದು ಇದ್ದಹಾಗೇ ಬರ್ದೆ ಅಮ್ಮ. ಸಿಟ್ಟು ಬಂದಿತ್ತು. ನಿನ್ನ ಮುಖ ನೋಡಕ್ಕೆ ಆಗ್ತಿರ್ಲಿಲ್ಲ ನಂಗೆ. ಅಪ್ಪ ಓದ್ಲಿ, ಎಲ್ರೂ ಓದ್ಲಿ ಅನ್ನಿಸ್ತು." ಉಸಿರೆಳೆದುಕೊಂಡಳು. "ಆಮೇಲೆ ಸೌಂಡ್ ಆಫ್ ಮಾಡಿ ನೋಡ್ದೆ. ಮಾತಿಲ್ದೆ ನೋಡಿದ್ರೆ ಬೇರೇನೇ ಕಾಣುತ್ತೆ. ಆಗ ನೀನು ಈಗಿನ ಜಾನ್ವಿಗಿಂತ ನಾಕು ವರ್ಷ ದೊಡ್ಡೋಳು ಅಷ್ಟೇ. ಆ ಹುಡುಗಿ ಹತ್ರ ಯಾರಾದ್ರೂ ಹೋಗ್ಬೇಕಿತ್ತು ಅನ್ನಿಸ್ತು."

ಜಾನ್ವಿ ತನ್ನ ಹೆಸರು ಕೇಳಿ ಒಮ್ಮೆ ತಿರುಗಿ ನೋಡಿ ಮತ್ತೆ ನಾಟಕಕ್ಕೆ ಮರಳಿದಳು. ಶೇಷಾದ್ರಿ ಮುದುಕನ ಮಾತು ಓದುತ್ತಿದ್ದರು. ಪದ್ಮಜಾಳಿಗೆ ಬೇಕಾದಷ್ಟು ಹೇಳಬೇಕೆನಿಸಿತು: ಆಮೇಲೆ ಬೇಕೆನಿಸಿತು ಕಣೆ, ಯಾವತ್ತು ಅಂತ ಗೊತ್ತಿಲ್ಲ, ಒಂದು ದಿನ ನಿನ್ನ ತಲೆಗೆ ನೀರು ಹಾಕುವಾಗ ಬೇಕಾಗಿಬಿಟ್ಟಿದ್ದೆ, ಆಮೇಲೆ ನೀನು ಸುಂಯ್ಗುಟ್ಟಿದ ಒಂದೊಂದು ರಾತ್ರಿಯೂ ನಾನು ದೇವರ ಹತ್ತಿರ ಬೇಕು ಬೇಕು ಎಂದು ಬಡಿದುಕೊಂಡಿದ್ದೆ. ಅದೊಂದೂ ನಾಲಿಗೆಗೆ ಬರಲಿಲ್ಲ. ಬಂದದ್ದು ಇಷ್ಟೇ:

"ಎಷ್ಟ್ ಧುಮುಕಿದ್ರೂ ಬಂದ್ಬಿಟ್ಯಲ್ಲೇ, ಮುಂಡೇದೆ."

ಇಂಚರ ಬಾಯಿಗೆ ಕೈ ಅಡ್ಡ ಹಿಡಿದಳು. ನಗುವೋ ಅಳುವೋ, ಅವಳ ಭುಜಗಳು ಕುಲುಕುತ್ತಿದ್ದವು. "ವಾಟ್? ವಾಟ್ ಡಿಡ್ ಶಿ ಸೇ?" ಎಂದು ಮಾರ್ಕ್ ಇಬ್ಬರ ಮುಖವನ್ನೂ ನೋಡಿ ಕೇಳಿದ. ಇಂಚರ ತಲೆಯಲ್ಲಾಡಿಸಿದಳು. ಸೋಫಾದ ಮೇಲೆ ಸರಿದು ಸರಿದು ಅಮ್ಮನ ಪಕ್ಕಕ್ಕೆ ಬಂದು ಕೂತಳು.